ಹಾಲು ಸಕ್ಕರೆಯ ಡಬ್ಬಿಯೂ ಕೆಂಚಮ್ಮನ ಸಾರೂ

ಆಷಾಢದ ಗಾಳಿ ಹುಣಸೂರು ರಸ್ತೆಯ ಸಾಲುಮರಗಳನ್ನು ಹಿಡಿದು ಜಗ್ಗುತ್ತಿದೆ. ಬೆಳಗಿನ ಐದೂ ಕಾಲು. ಹಿನಕಲ್ಲಿನಿಂದ ನಡೆದು ಬಂದ ಕೆಂಚಮ್ಮ ಕಾಲೇಜಿನ ಹಿಂಬಾಗಿಲ ಬೀಗ ತೆಗೆದು, ಸೆರಗನ್ನು ಸೊಂಟಕ್ಕೆ ಬಿಗಿದು, ಎಲ್ಲಕ್ಕಿಂತ ಮೊದಲು ಮಾಡುವ ಕೆಲಸವೆಂದರೆ ಮೂಸಿ ನೋಡುವುದು. ಹಿಂದಿನ ಸಂಜೆ ತಣ್ಣೀರಿನಲ್ಲಿ ನೆನೆಯಲು ಬಿಟ್ಟಿದ್ದ ಕೊಚ್ಚಿದ ಮಾಂಸದ ಪಾತ್ರೆಯ ಮುಚ್ಚಳ ಸರಿಸಿ, ಮೂಗನ್ನು ಹತ್ತಿರಕ್ಕೆ ಒಯ್ದು, ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. "ಕೆಟ್ಟಿಲ್ಲ ಬುಡು" ಎಂದು ಪಾತ್ರೆಗೇ ಹೇಳುತ್ತಾರೆ. ಮೇಲೆ ತೇಲಿದ ಕೊಬ್ಬನ್ನು ಒತ್ತುಕಾಗದದಿಂದ ಅದ್ದಿ ಅದ್ದಿ ತೆಗೆಯುತ್ತಾರೆ. ಸೀಮೆಎಣ್ಣೆ ಸ್ಟವ್ವಿಗೆ ಹತ್ತು ಸಲ ಪಂಪು. ಬುಸ್ ಎಂದು ನೀಲಿ ಉರಿ ಏಳುತ್ತದೆ.

ಈ ಸಾರಿಗೆ ಒಗ್ಗರಣೆ ಇಲ್ಲ, ಖಾರ ಇಲ್ಲ, ಹುಳಿ ಇಲ್ಲ. ಕುದಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಉಪ್ಪು ಬೆರೆಸಿ, ಬಣ್ಣದ ಕಾಗದ ಅದ್ದಿ ಹುಳಿಯೋ ಕ್ಷಾರವೋ ನೋಡಿ ಸರಿಮಾಡಿದರೆ ತಿಳಿ ಜೇನಿನ ಬಣ್ಣದ ನೀರು ಉಳಿಯುತ್ತದೆ. ಉಣ್ಣುವವರು ಕಣ್ಣಿಗೆ ಕಾಣುವುದಿಲ್ಲ. ಅವರು ಬ್ಯಾಕ್ಟೀರಿಯಗಳು. ನಮ್ಮ ನಿಮ್ಮ ಕರುಳಿನಲ್ಲೇ ಬಾಡಿಗೆ ಕೊಡದೆ ಬಾಳುವ ಸಾಧು ಜೀವಿಗಳು. ಕೆಂಚಮ್ಮ ಅವಕ್ಕೆ ಇಟ್ಟಿರುವ ಹೆಸರು ಬೇರೆ.

"ಉಂಡಾಡಿಗಳು ಕಣ್ರೀ," ಎಂದು ನಗುತ್ತಾರೆ. "ಗೇಯೋದಿಲ್ಲ, ನೇಯೋದಿಲ್ಲ. ಉಣ್ಣೋದು, ಎರಡಾಗೋದು. ಉಣ್ಣೋದು, ಎರಡಾಗೋದು."

ಇವತ್ತು ಗುರುವಾರ. ಉಳಿದ ದಿನಗಳ ಸಾರಿಗಿಲ್ಲದ ಭಾರ ಇವತ್ತಿನ ಸಾರಿಗಿದೆ. ಮೇಲಿನ ಮಹಡಿಯಲ್ಲಿ ಪ್ರೊಫೆಸರ್ ಕರಿಬಸವಯ್ಯನವರ ಮೇಜಿನ ಡ್ರಾಯರಿನಲ್ಲಿ ಒಂದು ಕಾಗದ ಸಹಿಗಾಗಿ ಕಾದಿದೆ. ಈ ತಿಂಗಳು ಎರಡು ಸಲ ಕೆಟ್ಟ ಪ್ರಯೋಗ ಮೂರನೆಯ ಸಲವೂ ಕೆಟ್ಟರೆ ಸಹಿ ಬೀಳುತ್ತದೆ. ಕೆಂಚಮ್ಮನವರನ್ನು ಈ ಕೋಣೆಯಿಂದ ಬಿಡಿಸಿ ತೋಟದ ಕೆಲಸಕ್ಕೆ ಹಾಕಬೇಕೆಂದು ಅದರಲ್ಲಿ ಟೈಪಾಗಿದೆ. ಕಾರಣ: ಗಾಜಿನ ಸಾಮಾನುಗಳನ್ನು ಶುಚಿಯಾಗಿ ತೊಳೆಯದಿರುವುದು.

"ತೋಟ ಏನೂ ಕೆಟ್ಟದ್ದಲ್ಲ," ಎನ್ನುತ್ತಾರೆ ಕೆಂಚಮ್ಮ, ಸೋಸುವ ಬಟ್ಟೆ ಹಿಂಡುತ್ತ. "ಹೊಲದಾಗೆ ಬೆಳೆದೋಳು ನಾನು. ಗುದ್ದಲಿ ಹಿಡಿಯಕ್ಕೆ ನಾಚಿಕೆಯಾ? ಆದ್ರೆ ತೊಳೀಲಿಲ್ಲ ಅಂತ ಬರೆದವ್ರಲ್ಲ, ಆ ಮಾತು ಇಟ್ಕಂಡು ಎಂಗೆ ಓಗ್ಲಿ?"

ಕೆಂಚಮ್ಮ ದಿನಕ್ಕೆ ಇನ್ನೂರು ಗಾಜಿನ ನಳಿಗೆಗಳನ್ನೂ ನಲವತ್ತು ಬುಂಡೆಗಳನ್ನೂ ತೊಳೆಯುತ್ತಾರೆ. ಬುಂಡೆ ಎಂದರೆ ಕತ್ತು ಸಣ್ಣಗೆ, ಹೊಟ್ಟೆ ಅಗಲಕ್ಕೆ ಇರುವ ಗಾಜಿನ ಪಾತ್ರೆ. ಮೊದಲು ಸೋಪು, ಆಮೇಲೆ ನಲ್ಲಿ ನೀರು ಆರು ಸಲ, ಕಡೆಗೆ ಬಟ್ಟಿ ಇಳಿಸಿದ ನೀರು ಮೂರು ಸಲ. ತೊಳೆದದ್ದನ್ನು ಕವುಚಿ ಬೆಳಕಿಗೆ ಹಿಡಿಯುತ್ತಾರೆ. ಗಾಜಿನ ಒಳಮೈ ಮೇಲೆ ನೀರು ಹಾಳೆಯ ಹಾಗೆ ಜಾರಿದರೆ ಶುಚಿ. ಹನಿಹನಿಯಾಗಿ ನಿಂತರೆ ಇನ್ನೊಮ್ಮೆ ಸೋಪಿಗೆ. ಇದನ್ನು ಅವರಿಗೆ ಯಾರೂ ಕಲಿಸಿಲ್ಲ. ಹಿತ್ತಾಳೆ ಬಿಂದಿಗೆ ಬೆಳಗುತ್ತ ಕಲಿತದ್ದು.

ಆಮೇಲೆ ಬಿರಡೆ. ಪ್ರತಿ ನಳಿಗೆಯ ಬಾಯಿಗೂ ಹತ್ತಿಯನ್ನು ಸುತ್ತಿ ಹೊಸೆದ ಬಿರಡೆ ಬೇಕು. ಗಾಳಿ ಹೋಗಬೇಕು, ಧೂಳು ಹೋಗಬಾರದು. ಕೆಂಚಮ್ಮ ದೀಪದ ಬತ್ತಿ ಹೊಸೆಯುವ ಬೆರಳುಗಳಲ್ಲೇ ಅದನ್ನೂ ಹೊಸೆಯುತ್ತಾರೆ. ಬಿರಡೆ ಹಿಡಿದು ಎತ್ತಿದರೆ ನಳಿಗೆಯೂ ಜೊತೆಗೆ ಏಳಬೇಕು, ಕೊಡವಿದರೂ ಬೀಳಬಾರದು. ಹೊಸದಾಗಿ ಬಂದ ವಿದ್ಯಾರ್ಥಿಗಳು ಹೊಸೆದ ಬಿರಡೆಯನ್ನು ಅವರು ಹೀಗೆ ಎತ್ತಿ ನೋಡುವಾಗ ಇಡೀ ಕೋಣೆ ಉಸಿರು ಬಿಗಿ ಹಿಡಿಯುತ್ತದೆ. ನಳಿಗೆ ಠಣ್ ಎಂದು ಮೇಜಿಗೆ ಬಿದ್ದರೆ ಅವರ ತೀರ್ಪು ಒಂದೇ: "ನೀನು ಮೊದ್ಲು ಜಡೆ ಹಾಕಕ್ಕೆ ಕಲ್ತ್ಕಂಡು ಬಾರಪ್ಪ."

ಕಡೆಗೆ ಎಲ್ಲವೂ ಸೀಟಿ ಹಂಡೆಗೆ. ಆಟೋಕ್ಲೇವ್ ಎಂಬ ಆ ದಪ್ಪ ಲೋಹದ ಪಾತ್ರೆಗೆ ಅವರಿಟ್ಟ ಹೆಸರು ಅದು. ಹದಿನೈದು ಪೌಂಡು ಒತ್ತಡದ ಆವಿಯಲ್ಲಿ ಇಪ್ಪತ್ತು ನಿಮಿಷ ಬೆಂದರೆ ಒಳಗಿನ ಬೇಡದ ಜೀವಿಗಳೆಲ್ಲ ಸಾಯುತ್ತವೆ. ಆತುರಪಟ್ಟು ಮುಚ್ಚಳ ತೆಗೆದರೆ ಸಾಯುವ ಸರದಿ ತೆಗೆದವರದು. ಕೆಂಚಮ್ಮನವರ ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿಚಿಕೊಂಡ ಚರ್ಮದ ಒಂದು ಪಟ್ಟೆ ಇದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷದ್ದು. "ಅವತ್ತು ಅಂಡೆ ನಂಗೆ ಪಾಠ ಹೇಳ್ತು," ಎಂದು ಅದನ್ನು ಸೆರಗಿನಿಂದ ಮುಚ್ಚುತ್ತಾರೆ.

ಜಟಕಾ ಹೊಡೆಯುವ ಗಂಡ ಮಹದೇವು ಇದನ್ನೆಲ್ಲ ಕಂಡು ಹಾಸ್ಯ ಮಾಡದೆ ಇರುವವರಲ್ಲ. ಆಷಾಢ ಶುಕ್ರವಾರಗಳಲ್ಲಿ ದೇವಿಯ ದರ್ಶನಕ್ಕೆಂದು ಬೆಟ್ಟದ ಬುಡಕ್ಕೆ ಜನ ಒಯ್ಯುವ ಗಿರಾಕಿ ಜೋರಿರುವ ಈ ದಿನಗಳಲ್ಲಿ ಅವರಿಗೆ ಮುಂಜಾನೆ ಬಿಸಿ ಊಟ ಸಿಗುವುದಿಲ್ಲ. "ನಂಗೆ ತಂಗಳು ಮುದ್ದೆ, ಅವಳ ಹುಳಕ್ಕೆ ಬಾಡಿನ ಸಾರು," ಎಂದು ಜಟಕಾ ನಿಲ್ದಾಣದಲ್ಲಿ ಸಾರುತ್ತಾರಂತೆ. ಕೆಂಚಮ್ಮನವರ ಉತ್ತರ ಸಿದ್ಧ: "ಅವು ಇಪ್ಪತ್ತು ನಿಮಿಷಕ್ಕೆ ಒಂದಿದ್ದದ್ದು ಎರಡಾಯ್ತವೆ. ನೀನು ಇಪ್ಪತ್ತು ವರ್ಷದಿಂದ ಅಂಗೇ ಇದ್ದೀಯೆ. ಯಾರಿಗೆ ಬಡಿಸ್ಲಿ?"

ಸ್ವಾತಂತ್ರ್ಯ ಬಂದ ವರ್ಷ ಕೆಂಚಮ್ಮ ಕೆಲಸಕ್ಕೆ ಸೇರಿದ್ದು. ಆಗ ಅವರಿಗೆ ಇಪ್ಪತ್ತಾರು ವರ್ಷ. ಊರಿನ ಬಾವಿ, ಕೆರೆಗಳ ನೀರನ್ನು ಪರೀಕ್ಷೆ ಮಾಡುವ ಒಂದು ಸಣ್ಣ ಕೋಣೆಯಲ್ಲಿ ಶೀಷೆ ತೊಳೆಯುವವಳು ಬೇಕಾಗಿತ್ತು. ಅಲ್ಲಿ ಹನ್ನೆರಡು ವರ್ಷ. ಈ ಕಾಲೇಜಿನಲ್ಲಿ ಏಳು. ಮೊದಲ ವರ್ಷಗಳು ಸುಲಭದವಲ್ಲ. "ರೋಗದ ಹುಳ ಸಾಕೋಳು" ಎಂಬ ಸುದ್ದಿ ಹಿನಕಲ್ಲಿನಲ್ಲಿ ಹಬ್ಬಿ, ಅವರ ಮನೆಯಲ್ಲಿ ನೀರು ಕುಡಿಯುವವರೇ ಇರಲಿಲ್ಲ. ಬಾಣಂತಿಯ ಮನೆಗೆ ಹೋದರೆ ಹಜಾರದಲ್ಲೇ ಚಾಪೆ ಹಾಕಿ ಕೂರಿಸುತ್ತಿದ್ದರು.

"ಒಂದಿನ ನಮ್ಮ ಕೇರಿ ಬಾವಿ ನೀರನ್ನ ಶೀಷೇಲಿ ತಕ್ಕೊಂಡೋದೆ," ಎಂದು ನೆನೆಯುತ್ತಾರೆ. "ಹಾಲು ಸಕ್ಕರೆ ಹಾಕಿದ ಸಾರಿಗೆ ಆ ನೀರು ಬುಟ್ರೆ, ಕೊಳಕು ಸೇರಿದ್ದಾಗ ಗಾಳಿ ಗುಳ್ಳೆ ಏಳ್ತದೆ. ಮಾರನೇ ದಿನ ನೋಡ್ತೀನಿ, ಹತ್ತಕ್ಕೆ ಹತ್ತು ನಳಿಗೇಲೂ ಗುಳ್ಳೆ! ಮನೆಮನೆಗೆ ಓಗಿ ಕೈ ಮುಗಿದೆ. ಕಾಯಿಸಿ ಕುಡೀರವ್ವ ಅಂದೆ. ಕೇಳಿದೋರ ಮಕ್ಕಳಿಗೆ ಆ ವರ್ಷ ಬೇದಿ ಹತ್ಲಿಲ್ಲ. ಅಲ್ಲಿಂದೀಚೆಗೆ ನನ್ನ ಒಳಗೇ ಕರೀತಾರೆ."

ಹಾಲು ಸಕ್ಕರೆ ಎಂದರೇನು ಎಂದು ಹೇಳಬೇಕು. ಸಕ್ಕರೆಗಳಲ್ಲಿ ಹಲವು ಜಾತಿ. ನಮ್ಮ ಕಾಫಿಗೆ ಹಾಕುವುದು ಕಬ್ಬಿನ ಸಕ್ಕರೆ. ದ್ರಾಕ್ಷಿಯಲ್ಲಿರುವುದು ಇನ್ನೊಂದು, ಕಾಯಿಲೆಯವರಿಗೆ ಕೊಡುವ ಗ್ಲುಕೋಸ್ ಎಂದರೆ ಅದೇ. ಹಾಲಿನಲ್ಲಿ ಹುಟ್ಟುವುದು ಮತ್ತೊಂದು. ಹೆಸರಿಗೆ ಸಕ್ಕರೆಯೇ ಆದರೂ ನಾಲಿಗೆಗೆ ಸಿಹಿ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಕೆಂಚಮ್ಮ ಹನ್ನೆರಡು ವರ್ಷ ಅದನ್ನು ಬೆರಳಿನಲ್ಲಿ ಮುಟ್ಟಿ ಬಲ್ಲರು: ಜರಡಿ ಹಿಡಿದ ಅಕ್ಕಿ ಹಿಟ್ಟಿನ ಹಾಗೆ.

ಈ ಸಕ್ಕರೆಗಳನ್ನೆಲ್ಲ ಮುಂದಿಟ್ಟುಕೊಂಡು ಕೂತಿರುವವರು ಸಂಶೋಧನೆ ಮಾಡುತ್ತಿರುವ ಮಂಜುಳಮ್ಮ. ಇಪ್ಪತ್ನಾಲ್ಕರ ವಯಸ್ಸು, ಎರಡು ಜಡೆ, ಬೆರಳಿನ ತುದಿಯಲ್ಲಿ ಯಾವಾಗಲೂ ಶಾಯಿ. ಅವರು ಕೇಳುತ್ತಿರುವ ಪ್ರಶ್ನೆಯನ್ನು ಹೊರದೇಶಗಳಲ್ಲೂ ದೊಡ್ಡ ದೊಡ್ಡವರು ಕೇಳುತ್ತಿದ್ದಾರೆ. ಪ್ರತಿ ಜೀವಿಯೊಳಗೂ ಡಿ.ಎನ್.ಎ. ಎಂಬ ನೂಲಿನಂಥ ಎಳೆ ಇದೆ. ಆ ಜೀವಿ ಏನು, ಹೇಗೆ ಎಂಬುದೆಲ್ಲ ಅದರಲ್ಲಿ ಬರೆದಿದೆ. ಬ್ಯಾಕ್ಟೀರಿಯ ಒಂದು ಎರಡಾಗುವ ಮುನ್ನ ಆ ಎಳೆ ಪೂರಾ ನಕಲಾಗಿರಬೇಕು, ಮಕ್ಕಳಿಬ್ಬರಿಗೂ ಒಂದೊಂದು ಸಿಗಬೇಕು. ಹಾಗಾದರೆ ಉಣ್ಣುವ ಸಕ್ಕರೆಗೂ ಈ ನಕಲಿಗೂ ಏನು ನಂಟು? ಒಳ್ಳೆಯ ಊಟ ಬಿದ್ದರೆ ನಕಲು ಹೆಚ್ಚಾಗುತ್ತದೆಯೇ? ಬಡ ಊಟವಾದರೆ?

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಮಂಜುಳಮ್ಮ ಇದನ್ನು ಕೆಂಚಮ್ಮನವರಿಗೆ ವಿವರಿಸುತ್ತಾರೆ. ಕೆಂಚಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳುತ್ತಾರೆ.

"ಅಂದ್ರೆ, ಅಣ್ಣತಮ್ಮ ಪಾಲಾಗೋ ಮುಂಚೆ ಮನೆ ಪತ್ರದ ನಕಲು ಆಗ್ಬೇಕು ಅನ್ನು."

"ಅದೇ ಕೆಂಚಮ್ಮ, ಅದೇ!"

"ನಕಲು ಬರಿಯೋ ಗುಮಾಸ್ತನಿಗೆ ಊಟ ಯಾರು ಹಾಕ್ತಾರೆ?"

"ಸಕ್ಕರೆ. ಅಷ್ಟೇ ಅಲ್ಲ, ಅವನು ಬರೆಯೋ ಕಾಗದವೂ ಸ್ವಲ್ಪ ಮಟ್ಟಿಗೆ ಸಕ್ಕರೇದೇ. ಡಿ.ಎನ್.ಎ. ಎಳೆಯ ಉದ್ದಕ್ಕೂ ಒಂದು ಜಾತಿಯ ಸಕ್ಕರೆ ಪೋಣಿಸಿರುತ್ತೆ. ಉಂಡದ್ದರಿಂದಲೇ ಜೀವಿ ಅದನ್ನ ಮಾಡಿಕೊಳ್ಳುತ್ತೆ."

ಕೆಂಚಮ್ಮ ಮತ್ತೆ ಮುದ್ದೆ ಮುರಿಯುತ್ತಾರೆ. "ಅದಕ್ಕೇ ಮತ್ತೆ, ಊಟ ಜೋರಾಗಿದ್ರೆ ಒಂದು ನಕಲು ಮುಗಿಯೋದ್ರೊಳಗೆ ಇನ್ನೊಂದು ಸುರು ಹಚ್ಕತವೆ."

ಮಂಜುಳಮ್ಮ ಚಮಚ ಕೆಳಗಿಡುತ್ತಾರೆ. ಹೊರದೇಶದ ಕೆಲವರು ಈಗಷ್ಟೇ ಅನುಮಾನಪಡುತ್ತಿರುವ ಸಂಗತಿ ಅದು. "ನಿಮಗೆ ಹೇಗೆ ಗೊತ್ತಾಯ್ತು?"

"ನಂಗೇನು ಗೊತ್ತು? ನಮ್ಮನೇಲಿ ಎರಡನೇದು ನಡೆಯೋ ಮೊದ್ಲೇ ಮೂರನೇದು ಹೊಟ್ಟೇಲಿತ್ತು. ಆ ವರ್ಷ ರಾಗಿ ಚೆನ್ನಾಗಿ ಬೆಳೆದಿತ್ತು."

ಪ್ರಯೋಗ ಹೀಗೆ. ಮೂರು ಬುಂಡೆ. ಒಂದರಲ್ಲಿ ಮಾಂಸದ ಸಾರು, ಅದು ಮದುವೆ ಊಟ. ಎರಡನೆಯದರಲ್ಲಿ ಉಪ್ಪುಗಳ ನೀರಿಗೆ ದ್ರಾಕ್ಷಿ ಸಕ್ಕರೆ. ಮೂರನೆಯದರಲ್ಲಿ ಅದೇ ನೀರಿಗೆ ಹಾಲು ಸಕ್ಕರೆ. ಮೂರಕ್ಕೂ ಒಂದಷ್ಟು ಉಂಡಾಡಿಗಳನ್ನು ಬಿಟ್ಟು, ಬೆಚ್ಚನೆಯ ನೀರಿನಲ್ಲಿ ಕುಲುಕುತ್ತ ಬೆಳೆಸುವುದು. ಬೆಳೆದರೆ ತಿಳಿನೀರು ಮಬ್ಬಾಗುತ್ತದೆ. ಆಮೇಲೆ ಎಣಿಸಿ, ಪ್ರತಿಯೊಂದರಿಂದಲೂ ಸಮಸಂಖ್ಯೆಯ ಜೀವಿಗಳನ್ನು ತೆಗೆದು, ಔಷಧ ಹಾಕಿ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ನೀಲಿ ಬಣ್ಣ ಬಂದಿರುತ್ತದೆ. ಆ ಔಷಧ ಹಿಡಿಯುವುದು ಡಿ.ಎನ್.ಎ. ಎಳೆಯ ಸಕ್ಕರೆಯನ್ನೇ. ನೀಲಿ ಕಡುವಾದಷ್ಟೂ ನಕಲು ಹೆಚ್ಚು.

ಮೊದಲ ಸಲ ಸಾರಿನ ಬುಂಡೆ ಮಬ್ಬಾಯಿತು, ದ್ರಾಕ್ಷಿಯದೂ ಆಯಿತು. ಹಾಲು ಸಕ್ಕರೆಯ ಬುಂಡೆ ಸಂಜೆಯವರೆಗೂ ತಿಳಿಯಾಗಿಯೇ ಇತ್ತು. ಕರಿಬಸವಯ್ಯನವರು ಅದನ್ನು ಕಿಟಕಿಗೆ ಹಿಡಿದು ನೋಡಿದರು. ಅವರು ಕೆಟ್ಟವರಲ್ಲ. ಶಿಸ್ತಿನ ಮನುಷ್ಯ, ಕನ್ನಡ ಎಂದರೆ ಪ್ರಾಣ, ಹುಟ್ಟಿದಂದಿನಿಂದ ಮಾಂಸ ಮುಟ್ಟದವರು. ಕೆಂಚಮ್ಮನ ಕೋಣೆಯ ಮುಂದೆ ಹಾಯುವಾಗ ಕರವಸ್ತ್ರ ಮೂಗಿಗೆ ಹೋಗುತ್ತದೆ.

"ಸೋಪು ಉಳಿದಿದೆ," ಎಂದರು. "ಅದಕ್ಕೇ ಒಳಗಿನವು ಸತ್ತಿವೆ. ಏನಮ್ಮ ಕೆಂಚಮ್ಮ, ನೀನು ಬುಂಡೆ ತೊಳೀತೀಯೋ, ನೀರು ತೋರಿಸಿ ಇಡ್ತೀಯೋ?"

"ಸೋಪು ಉಳಿಯೋದಾದ್ರೆ ಮೂರ್ರಲ್ಲೂ ಉಳೀಬೇಕಲ್ವಾ ಸಾ?"

"ಆ ಒಂದನ್ನು ಮಾತ್ರ ಸರಿಯಾಗಿ ತೊಳೆದಿಲ್ಲ."

ಕಾಗದ ಟೈಪಾದದ್ದು ಆ ವಾರ.

ಎರಡನೆಯ ಸಲ ಕೆಂಚಮ್ಮ ಒಂದು ಉಪಾಯ ಮಾಡುತ್ತಾರೆ. ಆಪಾದನೆ ಹೊತ್ತ ಬುಂಡೆಯ ಕತ್ತಿಗೆ ಕೆಂಪು ದಾರ ಕಟ್ಟಿ ಮಂಜುಳಮ್ಮನವರ ಮುಂದಿಡುತ್ತಾರೆ. "ಇದಕ್ಕೆ ದ್ರಾಕ್ಷಿ ಸಕ್ಕರೆ ಹಾಕು ಮಂಜುಳವ್ವ. ಹೋದ ಸಲ ದ್ರಾಕ್ಷಿ ಇತ್ತಲ್ಲ, ಆ ಬುಂಡೆಗೆ ಹಾಲು ಸಕ್ಕರೆ ಹಾಕು. ತಪ್ಪು ಬುಂಡೇದಾದ್ರೆ ಬುಂಡೆ ಜೊತೆ ಓಯ್ತದೆ. ಸಕ್ಕರೇದಾದ್ರೆ ಸಕ್ಕರೆ ಜೊತೆ ಓಯ್ತದೆ."

ಸಂಜೆಗೆ ಕೆಂಪು ದಾರದ ಬುಂಡೆ ಗಂಜಿಯ ಹಾಗೆ ಮಬ್ಬಾಗಿದೆ. ಹಾಲು ಸಕ್ಕರೆ ಬಿದ್ದ, ಯಾವ ಆಪಾದನೆಯೂ ಇಲ್ಲದ ಬುಂಡೆ ತಿಳಿಯಾಗಿ ನಿಂತಿದೆ. ತಪ್ಪು ಸಕ್ಕರೆಯ ಜೊತೆ ಹೋಗಿದೆ.

"ಆ ಡಬ್ಬಿ ಒಂದ್ಸಲ ತೋರ್ಸವ್ವ," ಎನ್ನುತ್ತಾರೆ ಕೆಂಚಮ್ಮ. ಇಷ್ಟು ದಿನ ಅವರು ಅದನ್ನು ಕಂಡೇ ಇಲ್ಲ. ಸಕ್ಕರೆಗಳಿರುವುದು ತಕ್ಕಡಿ ಕೋಣೆಯಲ್ಲಿ. ಆ ಬಾಗಿಲ ಮೇಲೆ ಅಟೆಂಡರುಗಳು ಒಳಗೆ ಬರಕೂಡದು ಎಂದು ಬರೆದಿದೆ. ಮಂಜುಳಮ್ಮ ಒಳಗೇ ತೂಗಿ, ನೀರಿನಲ್ಲಿ ಕರಗಿಸಿ, ಶೀಷೆಯಲ್ಲಿ ತಂದುಕೊಡುತ್ತಾರೆ. ಅವರಿಗೋ ಹಾಲು ಸಕ್ಕರೆ ಹೊಸದು, ಬಿಳಿ ಕಂಡದ್ದನ್ನು ತೂಗಿದ್ದಾರೆ. ಈಗ ಡಬ್ಬಿ ಹೊಸಿಲಿಗೆ ಬರುತ್ತದೆ. ಕೆಂಚಮ್ಮ ಎರಡು ಬೆರಳಲ್ಲಿ ಚಿಟಿಕೆ ಎತ್ತಿ ಉಜ್ಜುತ್ತಾರೆ. ಹಿಟ್ಟಲ್ಲ, ಹರಳು. ಮಂಜುಳಮ್ಮ "ಅಯ್ಯಯ್ಯೋ, ಇಲ್ಲಿನದು ಯಾವುದೂ ಬಾಯಿಗಿಡಬಾರದು!" ಎನ್ನುವಷ್ಟರಲ್ಲಿ ಚಿಟಿಕೆ ನಾಲಿಗೆಯ ಮೇಲಿದೆ.

"ಸೀ! ಹಾಲು ಸಕ್ಕರೆ ಇಷ್ಟು ಸೀ ಇರಕ್ಕಿಲ್ಲ ಕಣವ್ವ. ಇದು ಕಂಟ್ರೋಲ್ ಸಕ್ಕರೆ, ರೇಷನ್ ಅಂಗಡೀಲಿ ಕೊಡೋ ಕಬ್ಬಿಂದು. ನಮ್ಮನೇಲಿರೋದೂ ಇದೇ."

ಈ ಜಾತಿಯ ಬ್ಯಾಕ್ಟೀರಿಯಕ್ಕೆ ಕಬ್ಬಿನ ಸಕ್ಕರೆಯನ್ನು ಒಡೆದು ತಿನ್ನುವ ಹಲ್ಲಿಲ್ಲ. ಪಾಪದವು ಸಿಹಿಯ ಕೊಳದಲ್ಲಿ ಮುಳುಗಿ ಉಪವಾಸ ಕೂತಿದ್ದವು. ಉಣ್ಣದ ಮೇಲೆ ನಕಲೆಲ್ಲಿ, ಪಾಲೆಲ್ಲಿ? ಹಾಲು ಸಕ್ಕರೆಯ ಡಬ್ಬಿಗೆ ಕಂಟ್ರೋಲ್ ಸಕ್ಕರೆ ಬಂದದ್ದಾದರೂ ಹೇಗೆ?

ಕೇಳಿದ ಕೂಡಲೇ ಒಪ್ಪಿಕೊಂಡವರು ಜವರಪ್ಪ. ಐವತ್ತು ದಾಟಿದ ಅಟೆಂಡರು, ಪ್ರೊಫೆಸರಿಗೆ ದಿನಕ್ಕೆ ನಾಲ್ಕು ಸಲ ಕಾಫಿ ಮಾಡಿಕೊಡುವವರು. ಕರೆಂಟಿನ ಒಲೆ ಇರುವುದು ತಕ್ಕಡಿ ಕೋಣೆಯಲ್ಲಾದ್ದರಿಂದ ಬಾಗಿಲ ಮೇಲಿನ ಬರಹ ಅವರೊಬ್ಬರಿಗೆ ಅನ್ವಯಿಸುವುದಿಲ್ಲ. ("ಆ ಕೋಣೆಗೆ ಕಾಫಿ ಓಗ್ಬೌದು, ಸಾರು ಓಗಂಗಿಲ್ಲ" ಎಂದು ಕೆಂಚಮ್ಮ ಚುಚ್ಚುವುದುಂಟು.)

"ಯುಗಾದೀಲಿ ತಾವೇ ಅಲ್ವಾ ಸಾ ಡಬ್ಬಿಗಳಿಗೆಲ್ಲ ಕನ್ನಡದಲ್ಲಿ ಚೀಟಿ ಅಂಟಿಸಿದ್ದು?" ಎನ್ನುತ್ತಾರೆ ಜವರಪ್ಪ, ಪ್ರೊಫೆಸರರ ಮುಂದೆ ಕೈಕಟ್ಟಿ. "ಮೊದ್ಲು ಇಂಗ್ಲೀಷಿತ್ತು, ನಾನು ಮುಟ್ತಿರಲಿಲ್ಲ. ಆಮೇಲೆ ನೋಡ್ತೀನಿ, 'ಹಾಲು ಸಕ್ಕರೆ' ಅಂತ ದಪ್ಪಕ್ಷರದಲ್ಲಿ ಬರ್ದದೆ. ಹಾಲಿಗೆ ಹಾಕೋ ಸಕ್ಕರೆ ಅಂದ್ಕಂಡೆ. ಕಂಟ್ರೋಲ್ ಸಕ್ಕರೆ ಬೇರೆ ಆ ತಿಂಗಳು ಬಂದಿರಲಿಲ್ಲ."

"ನೀನು... ಅದನ್ನ ಕಾಫಿಗೆ ಹಾಕಿದೆಯಾ?"

"ತಾವು ದಿನಾ ಬೈತಿರಲಿಲ್ವಾ ಸಾ, ಕಾಫಿಗೆ ಸಕ್ಕರೆ ಹಾಕಿದೀಯೇನಯ್ಯ ಅಂತ? ಐದು ಚಮಚ ಹಾಕಿದ್ರೂ ಸಪ್ಪೆ. ನಂಗೇ ಆಶ್ಚರ್ಯ ಆಗ್ಬುಟ್ಟಿತ್ತು. ಆಮೇಲೆ ಸಕ್ಕರೆ ಬಂತು. ಕಾಲೇಜಿನ ಸಾಮಾನು ಖರ್ಚು ಮಾಡ್ಬುಟ್ಟು ಸುಮ್ನಿರಬಾರದು ಅಂತ ಡಬ್ಬಿ ತುಂಬಾ ನಮ್ಮನೆ ಸಕ್ಕರೆ ತಂದು ಸುರಿದೆ. ಒಂದು ಕಾಳೂ ಕಮ್ಮಿ ಮಾಡಿಲ್ಲ ಸಾ."

ಪ್ರೊಫೆಸರರು ನಿಧಾನವಾಗಿ ಕುರ್ಚಿಯಲ್ಲಿ ಕೂರುತ್ತಾರೆ. ವೈಶಾಖವಿಡೀ ಅವರ ಹೊಟ್ಟೆ ಗುಡುಗುಡು ಎನ್ನುತ್ತಿದ್ದದ್ದು ಎಲ್ಲರಿಗೂ ಗೊತ್ತು. ಪಾಠ ಮಾಡುವಾಗ ಹಿಂದಿನ ಬೆಂಚಿಗೂ ಕೇಳುತ್ತಿತ್ತು. ಹಾಲು ಸಕ್ಕರೆ ಎಲ್ಲ ದೊಡ್ಡವರ ಹೊಟ್ಟೆಗೂ ಒಗ್ಗುವುದಿಲ್ಲ. ಅಲ್ಲಿರುವ ಉಂಡಾಡಿಗಳಿಗೆ ಮಾತ್ರ ಅದು ಹಬ್ಬ.

"ಅಂಗಾದ್ರೆ ಪ್ರಯೋಗ ಕೆಟ್ಟಿಲ್ಲ ಬುಡಿ," ಎನ್ನುತ್ತಾರೆ ಕೆಂಚಮ್ಮ ಮೆಲ್ಲಗೆ. "ಬುಂಡೇಲಿ ನಡೀಬೇಕಾದ್ದು ಬೇರೆ ಕಡೆ ನಡೀತು."

ಮಂಜುಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡುತ್ತಾರೆ. ಪ್ರೊಫೆಸರರು ಮಾತ್ರ ನಗುವುದಿಲ್ಲ. "ಡಬ್ಬಿಯದು ತಪ್ಪು, ಒಪ್ಪಿದೆ. ಆದರೆ ಸೋಪೂ ಇರಲಿಲ್ಲ ಅಂತ ಇನ್ನೂ ತೀರ್ಮಾನವಾಗಿಲ್ಲ. ಬೆಂಗಳೂರಿಂದ ಹೊಸ ಹಾಲು ಸಕ್ಕರೆ ಬರಲಿ. ಮೂರನೇ ಸಲ ನೋಡೋಣ." ವಿಜ್ಞಾನದ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಕಾಗದ ಹರಿಯಲಿಲ್ಲ, ಡ್ರಾಯರಿಗೆ ಹೋಯಿತು.

ಆ ಮೂರನೇ ಸಲ ಇವತ್ತು. ಹೊಸ ಡಬ್ಬಿ ಬಂದಿದೆ. ಕೆಂಚಮ್ಮ ಹೊಸಿಲಾಚೆ ನಿಂತೇ ಚಿಟಿಕೆ ಮುಟ್ಟಿ ನೋಡಿ "ಹಿಟ್ಟು" ಎಂದು ತಲೆಯಾಡಿಸಿದ್ದಾರೆ. ಒಂಬತ್ತು ಗಂಟೆಗೆ ಮೂರು ಬುಂಡೆಗಳಿಗೂ ಉಂಡಾಡಿಗಳು ಇಳಿಯುತ್ತವೆ. ಕುಲುಕುವ ಯಂತ್ರ ಈ ಕಾಲೇಜಿಗಿನ್ನೂ ಬಂದಿಲ್ಲ. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಬುಂಡೆಗಳ ಕತ್ತು ಹಿಡಿದು ಕೆಂಚಮ್ಮನೇ ಕುಲುಕಬೇಕು.

ಹತ್ತು ಗಂಟೆ. ಸಾರಿನ ಬುಂಡೆ ಆಗಲೇ ಮಸುಕು. ಹತ್ತೂವರೆಗೆ ದ್ರಾಕ್ಷಿಯದೂ ತಿರುಗುತ್ತಿದೆ. ಹಾಲು ಸಕ್ಕರೆಯದು ತಿಳಿ. ಹನ್ನೊಂದು, ತಿಳಿ. ಬಾಗಿಲಿಗೆ ಪ್ರೊಫೆಸರರು ಬಂದು, ಕರವಸ್ತ್ರ ಮೂಗಿಗೆ ಹಿಡಿದು ನೋಡಿ ಹೋಗುತ್ತಾರೆ. ಮಂಜುಳಮ್ಮನವರ ಉಗುರು ಬಾಯಿಯಲ್ಲಿದೆ.

"ನಿನ್ನೆವರೆಗೂ ದ್ರಾಕ್ಷಿ ಉಂಡ್ಕಂಡಿದ್ದೋವು ಕಣವ್ವ," ಎನ್ನುತ್ತಾರೆ ಕೆಂಚಮ್ಮ, ಕುಲುಕುವ ಲಯ ತಪ್ಪದೆ. "ಹೊಸ ನೆಂಟರ ಮನೆ. ಎಲೆ ಮುಂದೆ ಕೂತು ಒಬ್ರ ಮುಖ ಒ‌ಬ್ರು ನೋಡ್ತಾವೆ. ಉಣ್ತವೆ, ತಾಳು." ಮಂಜುಳಮ್ಮನವರಿಗೂ ಅದು ಗೊತ್ತು: ಹಾಲು ಸಕ್ಕರೆಯನ್ನು ಒಡೆಯುವ ಸಲಕರಣೆಯನ್ನು ಆ ಜೀವಿಗಳು ಮೊದಲು ತಯಾರಿಸಿಕೊಳ್ಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಗೊತ್ತಿದ್ದರೂ ಎದೆ ಕೇಳಬೇಕಲ್ಲ.

ಹನ್ನೊಂದೂ ಮುಕ್ಕಾಲಿಗೆ ಮಂಜುಳಮ್ಮ ಬುಂಡೆಯ ಹಿಂದೆ ಒಂದು ಅಚ್ಚಾದ ಕಾಗದ ಹಿಡಿಯುತ್ತಾರೆ. ಅಕ್ಷರಗಳ ಅಂಚು ಸ್ವಲ್ಪ, ಸ್ವಲ್ಪವೇ, ಕರಗಿದೆ. ಹನ್ನೆರಡೂವರೆಗೆ ಅಕ್ಷರ ಓದಲಾಗುವುದಿಲ್ಲ.

"ಉಂಡ್ವು!" ಎಂಬ ಕೆಂಚಮ್ಮನ ಕೂಗಿಗೆ ಜವರಪ್ಪ ಕಾಫಿ ತಟ್ಟೆ ಹಿಡಿದೇ ಓಡಿ ಬರುತ್ತಾರೆ.

ಮಧ್ಯಾಹ್ನವೆಲ್ಲ ಎಣಿಕೆ, ತೊಳೆತ, ಔಷಧ. ಸಂಜೆ ನಳಿಗೆಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಲಾಗುತ್ತದೆ. ಬೆಳೆದದ್ದೇನೋ ಹೌದು. ನಕಲಾಗಿದೆಯೇ ಎಂಬುದನ್ನು ನೀಲಿಯೇ ಹೇಳಬೇಕು.

ಶುಕ್ರವಾರ ಬೆಳಿಗ್ಗೆ ಮಹದೇವು ಜಟಕಾ ಕಟ್ಟಿಕೊಂಡು ಬೆಟ್ಟದ ದಾರಿ ಹಿಡಿದರೆ, ಜೊತೆಗೆ ಹೋಗಬೇಕಿದ್ದ ಕೆಂಚಮ್ಮ ಕಾಲೇಜಿಗೇ ಬಂದಿದ್ದಾರೆ. "ತಾಯಿಗೆ ಮುಂದಿನ ವಾರ ಬರ್ತೀನಿ ಅಂತ ಹೇಳು. ಆಷಾಢದಾಗೆ ಇನ್ನೂ ಶುಕ್ರವಾರ ಅವೆ," ಎಂದು ಗಂಡನನ್ನು ಕಳಿಸಿದ್ದಾರಂತೆ. ಪೆಟ್ಟಿಗೆಯ ಬಾಗಿಲು ತೆಗೆಯುವ ಹಕ್ಕು ಮಂಜುಳಮ್ಮನದು. ತೆಗೆಯುವವರೆಗೆ ಕೆಂಚಮ್ಮ ಆ ಕಡೆ ನೋಡುವುದೇ ಇಲ್ಲ, ಸುಮ್ಮನೆ ಹತ್ತಿ ಹೊಸೆಯುತ್ತಾರೆ.

ಮೂರು ನಳಿಗೆಗಳು ಕಿಟಕಿಯ ಬೆಳಕಿಗೆ ಬರುತ್ತವೆ. ಸಾರಿನದು ಮಳೆಮೋಡದ ಕಡುನೀಲಿ. ದ್ರಾಕ್ಷಿಯದು ಅದಕ್ಕಿಂತ ತಿಳಿ. ಹಾಲು ಸಕ್ಕರೆಯದು ಇನ್ನೂ ಒಂದು ನೂಲಿನಷ್ಟು ತಿಳಿ. ಆದರೆ ನೀಲಿ. ಸಂಶಯವೇ ಇಲ್ಲದ ನೀಲಿ. ತೆಗೆದುಕೊಂಡ ಜೀವಿಗಳ ಎಣಿಕೆ ಮೂರರಲ್ಲೂ ಒಂದೇ ಇದ್ದರೂ, ಊಟ ಬಲವಾಗಿದ್ದವು ಒಂದೊಂದರಲ್ಲೂ ಹೆಚ್ಚು ನಕಲು ತುಂಬಿಕೊಂಡಿವೆ. ಬಡ ಊಟದವು ಕೈಗೆಟುಕಿದಷ್ಟರಲ್ಲಿ ಮನೆ ನಡೆಸಿವೆ.

"ನಾವು ಬುಂಡೆಗೆ ಹಾಕಿದ್ದನ್ನೇ ನೀಲಿ ಮಾಡಿ ನಾವೇ ನೋಡ್ತಾ ಇದೀವಿ ಅನ್ನು," ಎಂದು ಕೆಂಚಮ್ಮ ನಳಿಗೆಯ ಹತ್ತಿರ ಮುಖ ತರುತ್ತಾರೆ.

ಕರಿಬಸವಯ್ಯನವರು ಇಳಿದು ಬಂದು ಮೂರನ್ನೂ ಒಂದೊಂದಾಗಿ ಎತ್ತಿ ನೋಡುತ್ತಾರೆ. ಯಂತ್ರದಲ್ಲಿ ಅಳೆಸುತ್ತಾರೆ, ಇನ್ನೊಮ್ಮೆ ಅಳೆಸುತ್ತಾರೆ. ಅಂಕಿ ಬದಲಾಗುವುದಿಲ್ಲ. ಜೇಬಿನಿಂದ ಆ ಟೈಪಾದ ಕಾಗದ ತೆಗೆದು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕುತ್ತಾರೆ. ಇವತ್ತು ಕರವಸ್ತ್ರ ಮೂಗಿನ ಹತ್ತಿರ ಇಲ್ಲ. ಎಲ್ಲರ ಕಡೆ ತಿರುಗಿ, ದೊಡ್ಡ ಮನಸ್ಸಿನಿಂದ, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಾರೆ:

"ಒಂದು ಮಾತು ಒಪ್ಪಬೇಕು. ಎಲ್ಲ ಕೆಂಚಮ್ಮನ ಕೈಗುಣ."

ಜವರಪ್ಪ ಹೌದು ಹೌದೆಂದು ತಲೆಯಾಡಿಸುತ್ತಾರೆ. ಮಂಜುಳಮ್ಮನವರ ಮುಖ ಅರಳುತ್ತದೆ. ಕೆಂಚಮ್ಮ ಮಾತ್ರ ಕೈಯಲ್ಲಿದ್ದ ಹತ್ತಿಯನ್ನು ಮೇಜಿನ ಮೇಲಿಡುತ್ತಾರೆ.

"ತಪ್ಪು ತಿಳೀಬೇಡಿ ಸಾ. ಕೈಗುಣ ಅಂದ್ರೆ ದೇವ್ರು ಕೊಡೋದು, ಕೆಲವ್ರಿಗಿರ್ತದೆ, ಕೆಲವ್ರಿಗಿರಲ್ಲ. ಈ ಬುಂಡೆಗಳನ್ನ ನಾನು ತೊಳೆದಿದ್ದು."

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಏಳು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಬಹುವಚನ ಬರುತ್ತದೆ.

"ಹೌದು. ನೀವು ತೊಳೆದಿದ್ದೀರಿ."

ಕೆಂಚಮ್ಮ ಪ್ರಯೋಗದ ಪುಸ್ತಕ ಹಿಡಿದು ನಿಂತ ಮಂಜುಳಮ್ಮನವರ ಕಡೆ ತಿರುಗುತ್ತಾರೆ. "ಬರ್ಕೊಂಡ್ಯಾ, ಮಂಜುಳವ್ವ?"